ವಿಶ್ವ ಹವ್ಯಾಸಿ ಸ್ನೂಕರ್: ಗುಂಪಿನ ಟೇಬಲ್‌ನಿಂದ ಫೈನಲ್‌ವರೆಗೆ

2013ರ ಅಕ್ಟೋಬರ್‌ನಲ್ಲಿ ಹೊಸದಿಲ್ಲಿಯ ಲೆ ಮೆರಿಡಿಯನ್ ಹೋಟೆಲಿನಲ್ಲಿ ಇಂಡಿಯನ್ ಓಪನ್ ನಡೆಯಿತು. ವೃತ್ತಿಪರ ಸ್ನೂಕರಿನ ರ‍್ಯಾಂಕಿಂಗ್ ಟೂರ್ನಿಯೊಂದು ಭಾರತಕ್ಕೆ ಬಂದದ್ದು ಅದೇ ಮೊದಲು. ಮುಂಬೈಯ ಆದಿತ್ಯ ಮೆಹ್ತಾ ಸೆಮಿಫೈನಲಿನಲ್ಲಿ ಸ್ಕಾಟ್ಲೆಂಡಿನ ಸ್ಟೀಫನ್ ಮೆಗ್ವೈರ್ ಅವರನ್ನು 4-3ರಿಂದ ಸೋಲಿಸಿದರು. ಅಂಥ ಟೂರ್ನಿಯೊಂದರ ಫೈನಲ್ ತಲುಪಿದ ಮೊದಲ ಭಾರತೀಯ ಅವರು. ಫೈನಲಿನಲ್ಲಿ ಚೀನಾದ ಡಿಂಗ್ ಜುನ್‌ಹುಯಿ 5-0ಯಿಂದ ಗೆದ್ದರು. ದಿಲ್ಲಿಯ ಪ್ರೇಕ್ಷಕರು ಆ ವಾರ ನೋಡಿದ್ದು ವೃತ್ತಿಪರರನ್ನೇ. ಆದರೆ ಮೆಗ್ವೈರ್ 2000ದಲ್ಲಿ ವಿಶ್ವ ಹವ್ಯಾಸಿ ಚಾಂಪಿಯನ್ ಆಗಿದ್ದವರು. ಡಿಂಗ್ 2002ರಲ್ಲಿ 21 ವರ್ಷದೊಳಗಿನವರ ವಿಶ್ವ ಪ್ರಶಸ್ತಿ ಗೆದ್ದಿದ್ದವರು. ಟಿ.ವಿ.ಯಲ್ಲಿ ಕಾಣುವ ದೊಡ್ಡ ಹೆಸರುಗಳಲ್ಲಿ ಎಷ್ಟೋ ಮಂದಿ ಈ ಹವ್ಯಾಸಿ ಚಾಂಪಿಯನ್‌ಷಿಪ್ಪಿನ ಬಾಗಿಲಿನಿಂದಲೇ ಒಳಗೆ ಬಂದವರು. ಹಾಗಿದ್ದೂ ಅದು ಹೇಗೆ ನಡೆಯುತ್ತದೆ, ಅದಕ್ಕೆ ಹೋಗುವವರು ಯಾರು, ಅಲ್ಲಿ ಗೆಲ್ಲುವುದು ಯಾಕೆ ಕಷ್ಟ ಎಂಬುದನ್ನು ಬಿಡಿಸಿ ಹೇಳುವವರು ಕಡಿಮೆ.

ಇದನ್ನು ನಡೆಸುವುದು ಅಂತರರಾಷ್ಟ್ರೀಯ ಬಿಲಿಯರ್ಡ್ಸ್ ಮತ್ತು ಸ್ನೂಕರ್ ಫೆಡರೇಷನ್, ಅಂದರೆ ಐಬಿಎಸ್‌ಎಫ್. ಮೊದಲ ವಿಶ್ವ ಹವ್ಯಾಸಿ ಸ್ನೂಕರ್ 1963ರಲ್ಲಿ ಕಲ್ಕತ್ತಾದಲ್ಲಿ ನಡೆದು, ಇಂಗ್ಲೆಂಡಿನ ಗ್ಯಾರಿ ಓವನ್ ಗೆದ್ದರು. ಬೆಂಗಳೂರು ಇದನ್ನು ಮೂರು ಸಲ ನಡೆಸಿಕೊಟ್ಟಿದೆ: 1987, 2011 ಮತ್ತು 2014. ದಿಲ್ಲಿಯ ಪಾಲಿಗೆ ಬಂದದ್ದು ಸ್ನೂಕರಿನ ಅಣ್ಣನ ಸ್ಥಾನದಲ್ಲಿರುವ ಬಿಲಿಯರ್ಡ್ಸ್. 1981ರಲ್ಲಿ ಹೊಸದಿಲ್ಲಿಯಲ್ಲಿ ಮೈಕೆಲ್ ಫೆರೇರಾ ವಿಶ್ವ ಹವ್ಯಾಸಿ ಬಿಲಿಯರ್ಡ್ಸ್ ಗೆದ್ದರು. 1985ರಲ್ಲಿ ಇದೇ ನಗರದಲ್ಲಿ ಗೀತ್ ಸೇಠಿ ತಮ್ಮ ಮೊದಲ ವಿಶ್ವ ಪ್ರಶಸ್ತಿ ಪಡೆದರು. ಫೈನಲಿನ ಎದುರಾಳಿ ಆಸ್ಟ್ರೇಲಿಯಾದ ಬಾಬ್ ಮಾರ್ಷಲ್, ಸೇಠಿಯವರ ತಾತನ ವಯಸ್ಸಿನವರು. ಎರಡೂ ಆಟಗಳಿಗೆ ಟೇಬಲ್ ಒಂದೇ. ಬಿಲಿಯರ್ಡ್ಸಿಗೆ ಮೂರು ಚೆಂಡು, ಸ್ನೂಕರಿಗೆ ಇಪ್ಪತ್ತೆರಡು.

ಸ್ನೂಕರ್ ಒಲಿಂಪಿಕ್ಸಿನಲ್ಲಿ ಇಲ್ಲ. ಏಷ್ಯನ್ ಗೇಮ್ಸಿನಲ್ಲಿ 1998ರ ಬ್ಯಾಂಕಾಕ್‌ನಿಂದ 2010ರ ಗುವಾಂಗ್‌ಝೌವರೆಗೆ ಇತ್ತು, ಆಮೇಲೆ ಕೈಬಿಡಲಾಯಿತು. ಹಾಗಾಗಿ ದೇಶದ ಹೆಸರು ಹೊತ್ತು ಆಡಲು ಉಳಿದಿರುವ ಅತಿ ದೊಡ್ಡ ವೇದಿಕೆ ಈ ಹವ್ಯಾಸಿ ಚಾಂಪಿಯನ್‌ಷಿಪ್ಪೇ. ಪಾಕಿಸ್ತಾನ, ಇರಾನ್, ಥಾಯ್ಲೆಂಡ್, ಮಾಲ್ಟಾದಂಥ ದೇಶಗಳಲ್ಲಿ ಇದರ ಚಾಂಪಿಯನ್ನರನ್ನು ವಿಮಾನ ನಿಲ್ದಾಣದಲ್ಲೇ ಹಾರ ಹಾಕಿ ಬರಮಾಡಿಕೊಳ್ಳುವುದಕ್ಕೆ ಕಾರಣವೂ ಇದೇ.

ಇಲ್ಲಿ ಯಾರೂ ತಾವಾಗಿ ಹೆಸರು ಕೊಟ್ಟು ಆಡಲಾಗದು. ಪ್ರತಿ ದೇಶದ ಮಾನ್ಯತೆ ಪಡೆದ ಸಂಸ್ಥೆ ತನ್ನ ಆಟಗಾರರನ್ನು ಕಳಿಸಬೇಕು. ನಮ್ಮಲ್ಲಿ ಅದು ಭಾರತ ಬಿಲಿಯರ್ಡ್ಸ್ ಮತ್ತು ಸ್ನೂಕರ್ ಫೆಡರೇಷನ್. ಒಂದು ದೇಶಕ್ಕೆ ಸಿಗುವ ಜಾಗಗಳು ಬೆರಳೆಣಿಕೆಯವು, ಆತಿಥೇಯ ದೇಶಕ್ಕೆ ಸಾಮಾನ್ಯವಾಗಿ ಒಂದೆರಡು ಹೆಚ್ಚು. ಆ ಜಾಗಕ್ಕೆ ದಾರಿ ರಾಷ್ಟ್ರೀಯ ಚಾಂಪಿಯನ್‌ಷಿಪ್. ರಾಷ್ಟ್ರೀಯಕ್ಕೆ ದಾರಿ ರಾಜ್ಯ ಸಂಸ್ಥೆ. ಸಬ್ ಜೂನಿಯರ್, ಜೂನಿಯರ್, ಮಹಿಳೆಯರು, ಹಿರಿಯರು ಎಂದು ವಿಭಾಗಗಳಿವೆ. ರಾಜ್ಯಗಳ ಜೊತೆಗೆ ರೈಲ್ವೆ, ಪೆಟ್ರೋಲಿಯಂ ಕಂಪನಿಗಳ ಕ್ರೀಡಾ ಮಂಡಳಿಯಂಥ ಸಂಸ್ಥೆಗಳೂ ತಂಡ ಕಳಿಸುತ್ತವೆ. ನಮ್ಮ ಅಗ್ರ ಆಟಗಾರರಲ್ಲಿ ಹಲವರು ತಿಂಗಳ ಸಂಬಳ ತರುವುದು ಅಲ್ಲಿಂದಲೇ. ಬೆಂಗಳೂರಿನ ಪಂಕಜ್ ಅಡ್ವಾಣಿ ಓಎನ್‌ಜಿಸಿ ನೌಕರರು. ನನಗೆ ಇದು ಈ ಆಟದ ಬೆನ್ನೆಲುಬಾಗಿ ಕಾಣುತ್ತದೆ. ಹವ್ಯಾಸಿ ಟೂರ್ನಿಗಳ ಬಹುಮಾನದ ಹಣದಿಂದ ಮನೆ ನಡೆಯುವುದಿಲ್ಲ. ನೌಕರಿ ಕೊಟ್ಟು ಆಡಲು ಬಿಡುವ ಸಂಸ್ಥೆಗಳು ಇಲ್ಲದಿದ್ದರೆ ಇಪ್ಪತ್ತೈದರ ಹೊತ್ತಿಗೆ ಕ್ಯೂ ಕೆಳಗಿಡಬೇಕಾಗಿದ್ದವರು ಎಷ್ಟೋ ಮಂದಿ.

ಸ್ಪರ್ಧೆಯ ಮೊದಲ ಹಂತ ಗುಂಪು. ಆಟಗಾರರನ್ನು ನಾಲ್ಕೈದು ಮಂದಿಯ ಗುಂಪುಗಳಾಗಿ ಹಂಚುತ್ತಾರೆ. ಗುಂಪಿನಲ್ಲಿ ಎಲ್ಲರೂ ಎಲ್ಲರ ಮೇಲೂ ಆಡಬೇಕು. ಪಂದ್ಯಗಳು ಚಿಕ್ಕವು, ಹೆಚ್ಚಾಗಿ ಏಳು ಫ್ರೇಮಿನವು; ಚೆಂಡುಗಳನ್ನು ಜೋಡಿಸಿ ಆಡುವ ಒಂದೊಂದು ಸುತ್ತೂ ಒಂದು ಫ್ರೇಮ್. ಮೊದಲು ನಾಲ್ಕು ಗೆದ್ದವರದು ಪಂದ್ಯ. ಗುಂಪಿನ ಮೊದಲ ಇಬ್ಬರು ಮುಂದಿನ ನಾಕೌಟ್ ಹಂತಕ್ಕೆ ಹೋಗುತ್ತಾರೆ ಎನ್ನುವುದು ಸಾಮಾನ್ಯ ಏರ್ಪಾಡು. ಇದು ಸುಲಭದ ಹಂತ, ದೊಡ್ಡವರು ಇಲ್ಲಿ ಮೈಕೈ ಸಡಿಲಿಸಿಕೊಳ್ಳುತ್ತಾರೆ ಎಂದು ಹೊರಗಿನವರು ತಿಳಿಯುತ್ತಾರೆ. ನನ್ನ ಮಟ್ಟಿಗೆ ಇಡೀ ಚಾಂಪಿಯನ್‌ಷಿಪ್ಪಿನ ಅತಿ ಕುತೂಹಲದ ಭಾಗ ಇದೇ.

ಯಾಕೆಂದು ಒಂದು ಲೆಕ್ಕದಿಂದ ನೋಡೋಣ. ಐವರ ಗುಂಪಿನಲ್ಲಿ ಒಟ್ಟು ಹತ್ತು ಪಂದ್ಯ, ಒಬ್ಬೊಬ್ಬರಿಗೆ ನಾಲ್ಕು. ಮೂವರು ಬಲಶಾಲಿಗಳಿದ್ದಾರೆ ಎನ್ನಿ. ಮೂವರೂ ಉಳಿದಿಬ್ಬರನ್ನು ಸೋಲಿಸಿದರು. ತಮ್ಮತಮ್ಮಲ್ಲಿ ಮೊದಲನೆಯವನು ಎರಡನೆಯವನನ್ನು, ಎರಡನೆಯವನು ಮೂರನೆಯವನನ್ನು, ಮೂರನೆಯವನು ಮೊದಲನೆಯವನನ್ನು ಸೋಲಿಸಿದರು. ಮೂವರಿಗೂ ಮೂರು ಮೂರು ಗೆಲುವು, ಮೇಲೆ ಹೋಗಲು ಜಾಗ ಎರಡೇ. ಈಗ ನೋಡುವುದು ಫ್ರೇಮುಗಳ ಲೆಕ್ಕವನ್ನು: ಗೆದ್ದ ಫ್ರೇಮಿನಿಂದ ಸೋತ ಫ್ರೇಮನ್ನು ಕಳೆದು ಉಳಿದದ್ದು ಎಷ್ಟು? 4-0ಯಿಂದ ಸೋತವನು ಮನೆಗೆ, 4-3ರಿಂದ ಸೋತವನು ಮುಂದಿನ ಸುತ್ತಿಗೆ. ಅಂದರೆ ಮೊದಲ ದಿನ ಬೆಳಿಗ್ಗೆ 0-3ರಿಂದ ಹಿಂದೆ ಬಿದ್ದವನು, ಪಂದ್ಯ ಕೈಬಿಟ್ಟಿತೆಂದು ತಿಳಿದ ಮೇಲೂ, ಎರಡು ಫ್ರೇಮ್ ಕಿತ್ತುಕೊಂಡರೆ ಅದೇ ಮೂರು ದಿನದ ನಂತರ ಅವನನ್ನು ಉಳಿಸಬಹುದು. ದುರ್ಬಲ ಎದುರಾಳಿಯ ಮೇಲೂ 4-2ಕ್ಕೆ ತೃಪ್ತಿಪಡದೆ 4-0 ಹುಡುಕಬೇಕು. ಅನುಭವಿಗಳು ಗುಂಪಿನ ಹಂತದಲ್ಲಿ ಒಂದು ಫ್ರೇಮನ್ನೂ ಹಗುರವಾಗಿ ಬಿಡದಿರುವುದು ಇದಕ್ಕೇ. ಗುಂಪಿನಲ್ಲಿ ಮಾಡಿದ ಸಾಧನೆಯೇ ನಾಕೌಟ್‌ನಲ್ಲಿ ಯಾರ ಎದುರು ಯಾರು ಎಂಬುದನ್ನೂ ತೀರ್ಮಾನಿಸುತ್ತದೆ. ಎರಡನೆಯವರಾಗಿ ಬಂದವರಿಗೆ ಬೇಗನೆ ಘಟಾನುಘಟಿಗಳು ಎದುರಾಗುತ್ತಾರೆ.

ಇನ್ನೊಂದು ಕಷ್ಟ ಹೊತ್ತಿನದು. ಒಂದು ಫ್ರೇಮ್ ಇಪ್ಪತ್ತು ನಿಮಿಷದಿಂದ ಅರ್ಧ ಗಂಟೆ ಹಿಡಿಯುತ್ತದೆ. ಹಠಕ್ಕೆ ಬಿದ್ದರೆ ಇನ್ನೂ ಹೆಚ್ಚು. 4-3ರ ಪಂದ್ಯ ಎಂದರೆ ಮೂರು ಗಂಟೆ. ಬೆಳಿಗ್ಗೆ ಹತ್ತಕ್ಕೆ ಒಂದು, ಸಂಜೆ ಇನ್ನೊಂದು ಪಂದ್ಯವಿರುವ ದಿನ ಆಟಗಾರ ಟೇಬಲ್ ಸುತ್ತ ಕಿಲೋಮೀಟರುಗಟ್ಟಲೆ ನಡೆದಿರುತ್ತಾನೆ, ನೂರಾರು ಸಲ ಬಗ್ಗಿ ಎದ್ದಿರುತ್ತಾನೆ. ಅದಕ್ಕಿಂತ ಹೆಚ್ಚು ದಣಿಸುವುದು ಕುರ್ಚಿಯಲ್ಲಿ ಕುಳಿತು ಎದುರಾಳಿಯ ಬ್ರೇಕ್, ಅಂದರೆ ಒಂದೇ ಸರದಿಯಲ್ಲಿ ಬಿಡದೆ ಅಂಕ ಗಳಿಸುವುದನ್ನು, ನೋಡುವ ಹೊತ್ತು. ಬೇರಾವ ಆಟದಲ್ಲೂ ಆಟಗಾರ ಇಷ್ಟು ನಿಸ್ಸಹಾಯನಾಗಿ ಕೂರಬೇಕಾಗಿಲ್ಲ. ಪಂಕಜ್ ಅಡ್ವಾಣಿಯವರ ಅಣ್ಣ ಶ್ರೀ ಅಡ್ವಾಣಿ ಕ್ರೀಡಾ ಮನೋವಿಜ್ಞಾನವನ್ನೇ ವೃತ್ತಿಯಾಗಿಸಿಕೊಂಡವರು ಎಂಬುದು ನನಗೆ ಕೇವಲ ಕಾಕತಾಳೀಯವಾಗಿ ಕಾಣುವುದಿಲ್ಲ.

ನಾಕೌಟ್‌ನಲ್ಲಿ ಪಂದ್ಯ ಹಂತಹಂತವಾಗಿ ಉದ್ದವಾಗುತ್ತದೆ, ಫೈನಲ್ ಎಲ್ಲಕ್ಕಿಂತ ಉದ್ದ. ಹಳೆಯ ಫೈನಲುಗಳ ಸ್ಕೋರು ನೋಡಿದರೆ ಈ ಉದ್ದ ಹೇಗೆ ಕರಗಿದೆ ಎಂಬುದು ತಿಳಿಯುತ್ತದೆ. 1984ರಲ್ಲಿ ಡಬ್ಲಿನ್‌ನಲ್ಲಿ ಓಂ ಬಿ. ಅಗರ್‌ವಾಲ್ ವೇಲ್ಸಿನ ಟೆರಿ ಪಾರ್ಸನ್ಸ್ ಅವರನ್ನು 11-7ರಿಂದ ಸೋಲಿಸಿ ಈ ಪ್ರಶಸ್ತಿ ಪಡೆದ ಮೊದಲ ಭಾರತೀಯರಾದರು. 2003ರಲ್ಲಿ ಚೀನಾದ ಜಿಯಾಂಗ್‌ಮೆನ್‌ನಲ್ಲಿ ಹದಿನೆಂಟರ ಪಂಕಜ್ ಪಾಕಿಸ್ತಾನದ ಸಾಲೆ ಮೊಹಮ್ಮದ್ ಅವರನ್ನು ಸೋಲಿಸಿದ್ದು 11-5ರಿಂದ. 2011ರಲ್ಲಿ ಬೆಂಗಳೂರಿನಲ್ಲಿ ಇರಾನಿನ ಹದಿನೇಳರ ಹುಡುಗ ಹೊಸೇನ್ ವಫಾಯಿ ವೇಲ್ಸಿನ ಲೀ ವಾಕರ್ ಅವರನ್ನು 10-9ರಿಂದ ಮಣಿಸಿದರು. 2014ರಲ್ಲಿ, ಮತ್ತೆ ಬೆಂಗಳೂರಿನಲ್ಲೇ, ಚೀನಾದ ಯಾನ್ ಬಿಂಗ್‌ತಾವೊ ಪಾಕಿಸ್ತಾನದ ಮುಹಮ್ಮದ್ ಸಜ್ಜಾದ್ ವಿರುದ್ಧ ಗೆದ್ದದ್ದು 8-7ರಿಂದ; ಆ ಹುಡುಗನಿಗೆ ಆಗ ಬರೀ ಹದಿನಾಲ್ಕು. 2022ರಲ್ಲಿ ದೋಹಾದಲ್ಲಿ ಪಾಕಿಸ್ತಾನದ ಹದಿನಾರರ ಅಹ್ಸನ್ ರಂಜಾನ್ ಚಾಂಪಿಯನ್ ಆದದ್ದು 6-5ರಿಂದ. ಇಪ್ಪತ್ತೊಂದು ಫ್ರೇಮಿನ ಫೈನಲ್ ಹತ್ತೊಂಬತ್ತಾಗಿ, ಹದಿನೈದಾಗಿ, ಹನ್ನೊಂದಕ್ಕೆ ಇಳಿದಿದೆ.

ಚಿಕ್ಕ ಫೈನಲಿನಲ್ಲಿ ಎರಡು ಫ್ರೇಮ್ ಎಡವಿದರೆ ಸರಿಪಡಿಸಿಕೊಳ್ಳಲು ಹೊತ್ತೇ ಇರುವುದಿಲ್ಲ. ಇಪ್ಪತ್ತೊಂದರ ಫೈನಲ್ ಅನುಭವಿಯ ಪರ, ಹನ್ನೊಂದರದು ಆ ದಿನ ಕೈ ಕುದುರಿದವನ ಪರ. ಹದಿಹರೆಯದವರು ಸಾಲಾಗಿ ಗೆದ್ದಿರುವುದಕ್ಕೆ ಅವರ ಪ್ರತಿಭೆಯೇ ಮುಖ್ಯ ಕಾರಣ, ಅನುಮಾನವಿಲ್ಲ; ಫ್ರೇಮುಗಳ ಈ ಇಳಿಕೆಯೂ ಅವರಿಗೆ ನೆರವಾಗಿದೆ ಎಂದು ನಾನು ನಂಬುತ್ತೇನೆ. ವಿಶ್ವ ಪ್ರಶಸ್ತಿಯ ಫೈನಲಾದರೂ ಹದಿನೈದು ಫ್ರೇಮಿಗಿಂತ ಕಡಿಮೆ ಇರಬಾರದು.

ಇನ್ನು ಟೇಬಲ್. ಲಜಪತ್ ನಗರದಲ್ಲೋ ನೊಯ್ಡಾದಲ್ಲೋ ಗುರುಗ್ರಾಮದಲ್ಲೋ ಪಾರ್ಲರಿನ ಟೇಬಲ್ ಮೇಲೆ ಆಡಿದವರಿಗೆ ಚಾಂಪಿಯನ್‌ಷಿಪ್ ಟೇಬಲ್ ಬೇರೆಯದೇ ಲೋಕ. ಅಳತೆ ಅದೇ: ಹನ್ನೆರಡಡಿ ಉದ್ದ, ಆರಡಿ ಅಗಲ, ಆಡುವ ಜಾಗವನ್ನು ಕರಾರುವಾಕ್ಕಾಗಿ ಹೇಳುವುದಾದರೆ 3,569 ಮಿ.ಮೀ. ಮತ್ತು 1,778 ಮಿ.ಮೀ. ಕೆಳಗೆ ಸ್ಲೇಟ್ ಕಲ್ಲಿನ ಹಾಸು, ಮೇಲೆ ಹಸಿರು ಉಣ್ಣೆ ಬಟ್ಟೆ. ಚೆಂಡಿನ ಅಡ್ಡಳತೆ 52.5 ಮಿ.ಮೀ. ವ್ಯತ್ಯಾಸವಿರುವುದು ಬಟ್ಟೆಯಲ್ಲಿ. ಪಾರ್ಲರಿನಲ್ಲಿ ದಿನಕ್ಕೆ ಹತ್ತು ಹನ್ನೆರಡು ಗಂಟೆ ಆಡಿಸಿ ಬಟ್ಟೆ ಸವೆದಿರುತ್ತದೆ, ಪಾಕೆಟ್ಟಿನ ಬಾಯಿ ಸಡಿಲಾಗಿರುತ್ತದೆ. ಚಾಂಪಿಯನ್‌ಷಿಪ್ಪಿಗೆ ಹೊಸ ಬಟ್ಟೆ ಎಳೆದು ಕಟ್ಟುತ್ತಾರೆ. ಚೆಂಡು ಹೊಸ ಬಟ್ಟೆಯ ಮೇಲೆ ಜಾರಿಕೊಂಡು ಹೋಗುತ್ತದೆ, ಕುಶನ್ನಿನಿಂದ ಚುರುಕಾಗಿ ಚಿಮ್ಮುತ್ತದೆ. ಪಾಕೆಟ್ಟಿನ ಅಂಚಿಗೆ ಒಂದಿಷ್ಟು ತಾಗಿದರೂ ಹೊರಗೆ ಬರುತ್ತದೆ. ಪಾರ್ಲರಿನಲ್ಲಿ ನೂರರ ಬ್ರೇಕ್ ಮಾಡುವವನು ಇಲ್ಲಿ ಮೂವತ್ತಕ್ಕೆ ನಿಂತರೆ ಅಚ್ಚರಿಪಡಬೇಕಿಲ್ಲ.

ಬಟ್ಟೆಗೆ ಒಂದು ದಿಕ್ಕೂ ಇದೆ. ಮಖಮಲ್ಲಿನ ಮೇಲೆ ಕೈಯಾಡಿಸಿದಾಗ ಒಂದು ಕಡೆಗೆ ನುಣುಪು, ಇನ್ನೊಂದು ಕಡೆಗೆ ಒರಟು ಅನ್ನಿಸುತ್ತದಲ್ಲ, ಹಾಗೆಯೇ. ಆಟ ಶುರುಮಾಡುವ ಬಾಲ್ಕ್ ತುದಿಯಿಂದ ಕಪ್ಪು ಚೆಂಡಿನ ತುದಿಯ ಕಡೆಗೆ ಎಳೆಗಳು ಮಲಗಿರುತ್ತವೆ. ಜೋರಾಗಿ ಹೊಡೆದ ಚೆಂಡಿಗೆ ಇದರ ಪರಿವೆಯಿಲ್ಲ. ಮೆಲ್ಲಗೆ ಉರುಳಿಸಿ ನಡುವಿನ ಪಾಕೆಟ್ಟಿಗೆ ಕಳಿಸಿದ ಚೆಂಡು ಮಾತ್ರ ಕೊನೆಯ ಗೇಣಿನಲ್ಲಿ ಎಳೆಗಳ ದಿಕ್ಕಿಗೆ ವಾಲುತ್ತದೆ. ಪಂದ್ಯಗಳ ನಡುವಿನ ಬಿಡುವಿನಲ್ಲಿ ಸಿಬ್ಬಂದಿ ಬ್ರಷ್ ಎಳೆದು, ಮೇಲೆ ಇಸ್ತ್ರಿ ಆಡಿಸುತ್ತಾರೆ. ಎರಡನ್ನೂ ಅದೇ ದಿಕ್ಕಿನಲ್ಲಿ. ಇದು ಅಲಂಕಾರಕ್ಕೆ ಮಾಡುವ ಕೆಲಸವಲ್ಲ, ಆಟ ನೇರವಾಗಿ ನಡೆಯಬೇಕಾದರೆ ಬೇಕೇ ಬೇಕು.

ಹವೆಯ ಪಾತ್ರವೂ ದೊಡ್ಡದು. ಉಣ್ಣೆ ತೇವ ಹೀರುತ್ತದೆ, ಚೆಂಡು ಭಾರವಾಗಿ ಓಡುತ್ತದೆ, ಕುಶನ್ನಿನಿಂದ ಹೊರಳುವ ಕೋನವೂ ಬದಲಾಗುತ್ತದೆ. ಬೆಂಗಳೂರಿನಲ್ಲಿ ಕಲಿತವರು ದಿಲ್ಲಿಯ ಮಂಜು ಮುಸುಕಿದ ಡಿಸೆಂಬರಿಗೋ ಮಳೆಗಾಲದ ಸೆಕೆಗೋ ಬಂದರೆ ಮೊದಲ ಗಂಟೆ ಟೇಬಲಿನ ವೇಗ ತಿಳಿಯುವುದರಲ್ಲೇ ಕಳೆಯುತ್ತದೆ. ಹವಾನಿಯಂತ್ರಣ ಇಡೀ ದಿನ ಒಂದೇ ಮಟ್ಟದಲ್ಲಿರಬೇಕು. ರಾತ್ರಿ ಆರಿಸಿ ಬೆಳಿಗ್ಗೆ ಹಾಕುವ ಸಭಾಂಗಣದಲ್ಲಿ ಬೆಳಗಿನ ಟೇಬಲ್ ಒಂದು, ಮಧ್ಯಾಹ್ನದ ಟೇಬಲ್ ಇನ್ನೊಂದು.

ನೋಡಲು ಹೋಗುವವರಿಗೆ ಬೇಕಾದ ಲೆಕ್ಕ ಸರಳ. ಹದಿನೈದು ಕೆಂಪು ಚೆಂಡು, ಒಂದೊಂದಕ್ಕೆ ಒಂದು ಅಂಕ. ಹಳದಿ 2, ಹಸಿರು 3, ಕಂದು 4, ನೀಲಿ 5, ಗುಲಾಬಿ 6, ಕಪ್ಪು 7. ಒಂದು ಕೆಂಪು, ಒಂದು ಬಣ್ಣ, ಹೀಗೆ ಒಂದಾದ ಮೇಲೊಂದು ಪಾಟ್ ಮಾಡಬೇಕು, ಅಂದರೆ ಪಾಕೆಟ್ಟಿಗೆ ಬೀಳಿಸಬೇಕು; ಕೆಂಪು ಮುಗಿಯುವವರೆಗೆ ಬಣ್ಣದ ಚೆಂಡು ಮತ್ತೆ ತನ್ನ ಜಾಗಕ್ಕೆ ಬರುತ್ತದೆ. ಕೆಂಪು ಮುಗಿದ ಮೇಲೆ ಆರೂ ಬಣ್ಣಗಳನ್ನು ಅಂಕದ ಏರಿಕೆಯ ಕ್ರಮದಲ್ಲಿ ಹಾಕಬೇಕು, ಅದರ ಮೊತ್ತ 27. ಪ್ರತಿ ಕೆಂಪಿನ ಜೊತೆ ಕಪ್ಪು ಹಾಕಿದರೆ ಹದಿನೈದು ಎಂಟಲೆ 120. ಎರಡೂ ಸೇರಿ ಪ್ರಸಿದ್ಧವಾದ 147.

ಇದರಿಂದಲೇ ಮೇಜಿನ ಮೇಲೆ ಇನ್ನೆಷ್ಟು ಅಂಕ ಉಳಿದಿದೆ ಎಂದು ಕ್ಷಣದಲ್ಲಿ ಹೇಳಬಹುದು: ಉಳಿದ ಕೆಂಪುಗಳನ್ನು ಎಂಟರಿಂದ ಗುಣಿಸಿ 27 ಕೂಡಿಸಿ. ನಾಲ್ಕು ಕೆಂಪು ಉಳಿದಿದ್ದರೆ 59. ಹಿಂದಿರುವವನು 58 ಅಂಕದಿಂದ ಹಿಂದಿದ್ದರೆ ಆಟ ಇನ್ನೂ ಅವನ ಕೈಯಲ್ಲೇ ಇದೆ. 60ರಿಂದ ಹಿಂದಿದ್ದರೆ ಎಲ್ಲವನ್ನೂ ಹಾಕಿದರೂ ಸಾಲದು; ಎದುರಾಳಿಯಿಂದ ಫೌಲ್ ಮಾಡಿಸಬೇಕು. ಒಂದು ಫೌಲ್ ಕನಿಷ್ಠ 4, ಗರಿಷ್ಠ 7 ಅಂಕ ತರುತ್ತದೆ. ಫೌಲ್ ಮಾಡಿಸುವ ದಾರಿಯೇ ಬಿಳಿ ಚೆಂಡನ್ನು ಬೇರೆ ಚೆಂಡಿನ ಹಿಂದೆ ಅಡಗಿಸುವುದು, ಅಂದರೆ ಸ್ನೂಕರ್ ಇಡುವುದು. ಸ್ಕೋರ್ ಬೋರ್ಡು ನೋಡುತ್ತಾ ಈ ಗುಣಾಕಾರ ಮಾಡಿಕೊಳ್ಳುವ ಪ್ರೇಕ್ಷಕನಿಗೆ ಆಟಗಾರ ಯಾಕೆ ಇದ್ದಕ್ಕಿದ್ದಂತೆ ಪಾಟ್ ಬಿಟ್ಟು ಸೇಫ್ಟಿಗೆ, ಅಂದರೆ ಎದುರಾಳಿಗೆ ಅವಕಾಶ ಕೊಡದ ಹೊಡೆತಕ್ಕೆ, ತಿರುಗಿದ ಎಂಬುದು ಅರ್ಥವಾಗುತ್ತದೆ. ಅಲ್ಲಿಂದಾಚೆ ಆಟ ಬೇಸರ ತರುವುದಿಲ್ಲ.

ಮೊದಲ ಸಲ ನೋಡುವವರನ್ನು ಗೊಂದಲಕ್ಕೆ ತಳ್ಳುವ ನಿಯಮ ‘ಮಿಸ್’. ಅಡಗಿಸಿಟ್ಟ ಸ್ಥಿತಿಯಿಂದ ಆಟಗಾರ ಸರಿಯಾದ ಚೆಂಡನ್ನು ತಾಗಿಸಲಾಗದೆ ಹೋದ, ಮನಸ್ಸಿಟ್ಟು ಪ್ರಯತ್ನಿಸಲಿಲ್ಲ ಎಂದು ರೆಫರಿಗೆ ಅನ್ನಿಸಿದರೆ, ಫೌಲಿನ ಅಂಕದ ಜೊತೆಗೆ ಚೆಂಡುಗಳನ್ನು ಹಿಂದಿನ ಜಾಗಕ್ಕೇ ಇಡಿಸಿ ಮತ್ತೆ ಆಡಿಸುವ ಹಕ್ಕು ಎದುರಾಳಿಗೆ ಸಿಗುತ್ತದೆ. ಹೀಗೆ ಒಂದೇ ಜಾಗದಿಂದ ಮೂರು ನಾಲ್ಕು ಸಲ ಆಡಿ ಇಪ್ಪತ್ತು ಅಂಕ ಕಳೆದುಕೊಂಡವರನ್ನು ನೋಡಬಹುದು. ಚೆಂಡು ನೇರವಾಗಿ, ಪೂರ್ತಿಯಾಗಿ ತಾಗಿಸಲು ದಾರಿಯಿದ್ದೂ ಸಾಲಾಗಿ ಮೂರು ಸಲ ತಪ್ಪಿದರೆ ಫ್ರೇಮೇ ಹೋಗುತ್ತದೆ. ಎರಡನೆಯ ಸಲಕ್ಕೆ ರೆಫರಿ ಎಚ್ಚರಿಸುತ್ತಾರೆ.

ಬಿಳಿ ಕೈಗವಸಿನ ಈ ರೆಫರಿಗಳ ಕೆಲಸ ಆಟಗಾರರದಕ್ಕಿಂತ ಕಡಿಮೆಯೇನಲ್ಲ. ಏಕಕಾಲಕ್ಕೆ ಎಂಟು ಹತ್ತು ಟೇಬಲ್ ನಡೆಯುವಾಗ ಪ್ರತಿಯೊಂದಕ್ಕೂ ತರಬೇತಾದವರು ಬೇಕು. ಇದರ ಮೇಲೆ ಇನ್ನೊಂದು ಕಟ್ಟಳೆಯಿದೆ: ತೋಳಿನ ಗುಂಡಿ ಚೆಂಡಿಗೆ ತಾಗಿದ್ದು ರೆಫರಿಗೆ ಕಾಣದಿದ್ದರೂ ಆಟಗಾರನೇ ನಿಂತು ಹೇಳಬೇಕು. ವೇಸ್ಟ್‌ಕೋಟು, ಬೋ ಟೈಗಿಂತ ಹೆಚ್ಚು ಗೌರವ ತರುವ ಸಂಪ್ರದಾಯ ಇದು. ಸೋತವನು ಟೇಬಲ್ ಬಾಡಿಗೆ ಕೊಡಬೇಕಾದ ಪಾರ್ಲರಿನಲ್ಲಿ ಆಡಿ ಬೆಳೆದ ಹುಡುಗರೂ ಇದನ್ನು ಪಾಲಿಸುತ್ತಾರೆ.

ಗೆದ್ದವರಿಗೆ ಏನು ಸಿಕ್ಕಿದೆ? ಟ್ರೋಫಿಗಿಂತ ದೊಡ್ಡದೆಂದರೆ ವೃತ್ತಿಪರ ಟೂರ್ನಿಗಳ ಸರಣಿಗೆ ಎರಡು ವರ್ಷದ ಪ್ರವೇಶ. ಹಲವು ಚಾಂಪಿಯನ್ನರಿಗೆ ಅದು ದೊರೆತಿದೆ. 1989ರಲ್ಲಿ ಇದನ್ನು ಗೆದ್ದ ಕೆನ್ ಡೊಹರ್ಟಿ 1997ರಲ್ಲಿ ವೃತ್ತಿಪರರ ವಿಶ್ವ ಚಾಂಪಿಯನ್ ಆದರು. 1996ರಲ್ಲಿ ಗೆದ್ದ ಸ್ಟುವರ್ಟ್ ಬಿಂಗ್‌ಹ್ಯಾಮ್ ಅದೇ ಪಟ್ಟಕ್ಕೆ 2015ರವರೆಗೆ ಕಾದರು. ವಫಾಯಿಗೆ ಬೆಂಗಳೂರಿನ ಗೆಲುವು ದಾರಿ ತೆರೆದರೂ ಬ್ರಿಟನ್ನಿನ ವೀಸಾ ವರ್ಷಗಟ್ಟಲೆ ತಡೆಯಿತು. ಹೆಚ್ಚಿನ ಟೂರ್ನಿಗಳು ಬ್ರಿಟನ್ನಿನಲ್ಲೇ ನಡೆಯುವುದರಿಂದ ಅಲ್ಲಿ ಮನೆ ಮಾಡಬೇಕು, ಚಳಿಗಾಲಗಳನ್ನು ಒಂಟಿಯಾಗಿ ಕಳೆಯಬೇಕು. ಪಂಕಜ್ 2012ರಲ್ಲಿ ವೃತ್ತಿಪರರಾಗಿ ಹೋಗಿ 2014ರಲ್ಲಿ ಬೆಂಗಳೂರಿಗೆ ಮರಳಿದರು. ಕೆಲವರು ಅದನ್ನು ಹಿಂಜರಿಕೆ ಎಂದರು. ನಾನು ಒಪ್ಪುವುದಿಲ್ಲ. ಮರಳಿದ ಮರುವರ್ಷವೇ ಈಜಿಪ್ಟಿನ ಹುರ್ಘಾದಾದಲ್ಲಿ, 2017ರಲ್ಲಿ ದೋಹಾದಲ್ಲಿ, ವಿಶ್ವ ಹವ್ಯಾಸಿ ಸ್ನೂಕರ್ ಗೆದ್ದರು. ಬಿಲಿಯರ್ಡ್ಸ್ ಸೇರಿಸಿ 2024ರ ಹೊತ್ತಿಗೆ ಅವರ ವಿಶ್ವ ಪ್ರಶಸ್ತಿಗಳು 28. ಹುರ್ಘಾದಾ ಫೈನಲಿನಲ್ಲಿ ಅವರ ಎದುರು 8-6ರಿಂದ ಸೋತ ಚೀನಾದ ಹುಡುಗ ಝಾವೊ ಶಿನ್‌ತೊಂಗ್ 2025ರ ಮೇ ತಿಂಗಳಲ್ಲಿ ಷೆಫೀಲ್ಡ್‌ನಲ್ಲಿ ವೃತ್ತಿಪರರ ವಿಶ್ವ ಚಾಂಪಿಯನ್ ಆದರು. ಅದೂ 20 ತಿಂಗಳ ನಿಷೇಧ ಮುಗಿಸಿ ಬಂದು, ಹವ್ಯಾಸಿಯಾಗಿಯೇ ಅರ್ಹತಾ ಸುತ್ತುಗಳನ್ನು ದಾಟಿ. ಹಾಗೆ ಗೆದ್ದ ಮೊದಲ ಹವ್ಯಾಸಿ ಅವರೇ. ಎರಡು ಲೋಕಗಳ ನಡುವಿನ ಗೋಡೆ ಎಷ್ಟು ತೆಳು ಎನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ದಿಲ್ಲಿಯ ಹೆಸರೂ ಈ ಗೆಲುವುಗಳ ಸಾಲಿನಲ್ಲಿದೆ. 2018ರಲ್ಲಿ ದೋಹಾದಲ್ಲಿ ಪಾಕಿಸ್ತಾನವನ್ನು 3-2ರಿಂದ ಸೋಲಿಸಿ ವಿಶ್ವ ತಂಡ ಪ್ರಶಸ್ತಿ ಗೆದ್ದ ಭಾರತದ ಜೋಡಿಯಲ್ಲಿ ಪಂಕಜ್ ಜೊತೆಗಿದ್ದವರು ದಿಲ್ಲಿಯ ಮನನ್ ಚಂದ್ರ. ತಡವಾಗಿ ಶುರುಮಾಡುವವರಿಗೂ ಉದಾಹರಣೆಯಿದೆ: ಕರ್ನಾಟಕ ಸರ್ಕಾರದ ತೋಟಗಾರಿಕೆ ಇಲಾಖೆಯಲ್ಲಿ ಟೈಪಿಸ್ಟ್ ಆಗಿದ್ದ ಉಮಾದೇವಿ ನಾಗರಾಜ್ ಮದುವೆ, ನೌಕರಿ ಎಲ್ಲ ಆದ ಮೇಲೆ ಕ್ಯೂ ಹಿಡಿದು 2012ರಲ್ಲಿ ಮಹಿಳೆಯರ ವಿಶ್ವ ಬಿಲಿಯರ್ಡ್ಸ್ ಗೆದ್ದರು.

ದಿಲ್ಲಿ ಮತ್ತು ಸುತ್ತಲಿನ ಎನ್‌ಸಿಆರ್‌ನಲ್ಲಿ ಮಕ್ಕಳನ್ನು ಈ ದಾರಿಗೆ ಹಚ್ಚಬೇಕೆನ್ನುವವರು ಮೊದಲು ಗಮನಿಸಬೇಕಾದದ್ದು ವಿಳಾಸ. ದಿಲ್ಲಿ, ಹರಿಯಾಣ, ಉತ್ತರ ಪ್ರದೇಶಗಳ ರಾಜ್ಯ ಸಂಸ್ಥೆಗಳು ಬೇರೆ ಬೇರೆ. ಗುರುಗ್ರಾಮದ ಹುಡುಗನೂ ನೊಯ್ಡಾದ ಹುಡುಗಿಯೂ ಒಂದೇ ಕ್ಲಬ್ಬಿನಲ್ಲಿ ಅಭ್ಯಾಸ ಮಾಡಿದರೂ ಆಯ್ಕೆಯ ದಾರಿ ಬೇರೆಯಾಗಬಹುದು. ಸದಸ್ಯತ್ವ, ವಯಸ್ಸಿನ ದಾಖಲೆ, ವರ್ಗಾವಣೆಯ ನಿಯಮಗಳನ್ನು ಮೊದಲೇ ವಿಚಾರಿಸಿಕೊಳ್ಳಿ. ಒಳ್ಳೆಯ ಬಟ್ಟೆಯ ಟೇಬಲ್ ಇರುವ ಜಾಗ ಹುಡುಕಿ. ವಾರಕ್ಕೆ ಆರು ದಿನ ಸವೆದ ಟೇಬಲಿನಲ್ಲಿ ಆಡುವುದಕ್ಕಿಂತ ಮೂರು ದಿನ ಸರಿಯಾದ ಟೇಬಲ್ ಮೇಲಾದರೂ ಸಾಕು. ಇನ್ನು ಬರೀ ನೋಡಲು ಹೋಗುವವರು, ನಿಮ್ಮ ಊರಿನಲ್ಲಿ ರಾಷ್ಟ್ರೀಯ ಇಲ್ಲವೇ ಅಂತರರಾಷ್ಟ್ರೀಯ ಸ್ಪರ್ಧೆ ನಡೆದಾಗ ಫೈನಲಿಗೆ ಕಾಯಬೇಡಿ. ಗುಂಪಿನ ಕೊನೆಯ ದಿನ ಬೆಳಿಗ್ಗೆಯೇ ಹೋಗಿ, ಯಾವ ಗುಂಪಿನಲ್ಲಿ ಮೂವರ ಗೆಲುವು ಸಮವಾಗಿದೆ ಎಂದು ಪಟ್ಟಿ ನೋಡಿ, ಕಡೆಯ ಟೇಬಲೇ ಆಗಲಿ, ಅದರ ಪಕ್ಕದ ಕುರ್ಚಿ ಹಿಡಿಯಿರಿ.